ಫೋಟೋದವನು ಹುಡುಕಿದ ಬಿಳಿ

ಮೊನ್ನೆ ಕಲ್ಯಾಣದುರ್ಗದ ನನ್ನ ಮಗಳ ಮನೆಗೆ ಸುಣ್ಣ ಹೊಡೆಯುವವನು ಬಂದಿದ್ದ. ಬಕೆಟ್ಟಿನಲ್ಲಿ ಸುಣ್ಣ ಕಲಸಿ, ಬಟ್ಟೆಗೆ ಹಾಕುವ ನೀಲಿಯನ್ನು ಅದಕ್ಕೆ ನಾಲ್ಕು ತೊಟ್ಟು ಬಿಟ್ಟ. ಹಾಗೆ ಬಿಟ್ಟರೇ ಗೋಡೆ ಬೆಳ್ಳಗೆ ಕಾಣುವುದು, ಬರೀ ಸುಣ್ಣವಾದರೆ ಮಂಕಾಗಿರುತ್ತದೆ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ಹಿಂದೂಪುರದ ಫೋಟೋದವನು ನೆನಪಾದ. ಬೇಡವೆಂದರೂ ನೆನಪಾದ.

ಅವನ ಹೆಂಡತಿ ಕಾಮಾಲೆಯಾಗಿ ಸತ್ತಳು. ಕಾಯಿಲೆ ತಿಳಿಯುವ ಮುಂಚೆ ಮೂರು ತಿಂಗಳು ಅವನು ಅವಳ ಮುಖವನ್ನು ದಿನಾ ಕ್ಯಾಮೆರಾದಲ್ಲಿ ನೋಡಿದ್ದ. ಪಕ್ಕದಲ್ಲಿ ಬಿಳಿ ಬಟ್ಟೆ ಹಿಡಿದುಕೊಂಡು ನಾನೂ ನಿಂತಿದ್ದೆ. ಇಬ್ಬರಿಗೂ ಕಾಣಲಿಲ್ಲ. ಅದನ್ನೇ ಬರೆಯಲು ಕೂತಿದ್ದೇನೆ.

ಎರಡು ಸಾವಿರದ ಆರೋ ಏಳೋ ಇರಬೇಕು... ರೀಲಿನ ಕ್ಯಾಮೆರಾ ಹೋಗಿ ಡಿಜಿಟಲ್ ಬರುತ್ತಿದ್ದ ಕಾಲ. ನಾನು ಆಗ ಹುಣಸೆಹಣ್ಣಿನ ಮಂಡಿಯಲ್ಲಿ ಬೀಜ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ನಮ್ಮದೂ ಅವರದೂ ಒಂದೇ ಅಂಗಳ, ಎದುರುಬದುರು ಬಾಗಿಲು. ರಸ್ತೆ ಕಡೆಯ ಕೋಣೆಯಲ್ಲಿ ಅವನ ಸ್ಟುಡಿಯೋ. ಮಕ್ಕಳಿರಲಿಲ್ಲ. ಅವಳು ದಪ್ಪ ಕನ್ನಡಕದ ಹೆಂಗಸು, ಬಾಯಿ ಜೋರು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುತ್ತಿರಲಿಲ್ಲ. ಇಬ್ಬರೂ ನನ್ನನ್ನು ಅಕ್ಕ ಅನ್ನುತ್ತಿದ್ದರು.

ಅವನು ಹೊಸ ಕ್ಯಾಮೆರಾದ ಜೊತೆಗೆ ಅದರ ಮೂತಿಗೆ ಸಿಕ್ಕಿಸುವ ಒಂದು ಕರಿ ಗಾಜನ್ನೂ ತಂದ. ಫಿಲ್ಟರ್ ಅನ್ನುತ್ತಿದ್ದ. ಬಳೆಯ ಹಾಗೆ ತಿರುಗುತ್ತಿತ್ತು. ಒಂದು ಕಡೆ ತಿರುಗಿಸಿದರೆ ಎಣ್ಣೆ ಹಣೆಯ ಮಿರುಗು, ಕನ್ನಡಕದ ಮೇಲೆ ಬಿದ್ದ ಬಿಸಿಲು ಎಲ್ಲ ಮಾಯ. ನಮ್ಮ ಕಡೆ ಮದುವೆ ಹೆಣ್ಣುಗಳು ತಲೆಗೆ ಎಣ್ಣೆ ಸುರಿದುಕೊಂಡು, ಬೆವರಿಕೊಂಡು ಚಪ್ಪರದಲ್ಲಿ ಕೂತಿರುತ್ತಾರೆ. ಅವರಿಗೆಂದೇ ತಂದದ್ದು. ಆದರೆ ಆ ಗಾಜು ಹಾಕಿದರೆ ಬಣ್ಣ ಬೇರೆಯಾಗಿಬಿಡುತ್ತಿತ್ತು.

"ರೀಲಲ್ಲಿ ತೆಗುದ್ರೆ ಲ್ಯಾಬಿನೋನು ಸರಿ ಮಾಡ್ಕೊಡೋನು ಕಣಕ್ಕ. ಇದಕ್ಕೆ ಬಿಳಿ ಅಂದ್ರೆ ಯಾವ್ದು ಅಂತ ನಾವೇ ತೋರುಸ್ಬೇಕು. ಅದೊಂದು ತಿಳುದ್ರೆ ಮಿಕ್ಕಿದ್ ಬಣ್ಣ ಎಲ್ಲಾ ಅದೇ ತಿಳ್ಕಂತೈತೆ."

"ಹಂಗಾರೆ ನಿನಗಿಂತ ವಾಸಿ ಬಿಡಪ್ಪ" ಅಂದೆ. ಅವಳು ಒಳಗಿನಿಂದಲೇ ನಕ್ಕಳು.

ಬಿಳಿ ತೋರಿಸಲು ನಮ್ಮ ಯಜಮಾನರ ಪಂಚೆ ಕೊಟ್ಟೆ. ನನ್ನ ಒಗೆತದ ಮೇಲೆ ನನಗೆ ಬಹಳ ಹೆಮ್ಮೆ. ದಿನಾ ಬೆಳಿಗ್ಗೆ ನಾನು ಮಂಡಿಗೆ ಹೊರಡುವ ಮುಂಚೆ ಅವಳನ್ನು ಅಂಗಳದ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದ. ನಾನು ಪಂಚೆ ಹರಡಿ ಹಿಡಿಯಬೇಕು, ಅವನು ಕ್ಯಾಮೆರಾಗೆ ಅದನ್ನು ತೋರಿಸಿ ಗುಂಡಿ ಒತ್ತಬೇಕು, ನಾನು ಸರಿದುಕೊಂಡ ಮೇಲೆ ಅವಳ ಫೋಟೋ. ಮೊದಮೊದಲು ಪಂಚೆ ತೋರಿಸಿ ಆಮೇಲೆ ಗಾಜು ಹಾಕುತ್ತಿದ್ದ. ಅದು ತಪ್ಪಂತೆ. ಗಾಜು ಮೊದಲು ಹಾಕಿ, ಗಾಜಿನ ಮೂಲಕವೇ ಬಿಳಿ ತೋರಿಸಬೇಕಂತೆ. ಅದು ತಿಳಿಯಲು ಅವನಿಗೆ ಹತ್ತು ದಿನ ಬೇಕಾಯಿತು. ತಿಳಿದ ಮೇಲೆ ಚೆನ್ನಾಗಿಯೇ ಬರುತ್ತಿದ್ದವು. ಆದರೂ ಕೈ ಪಳಗಲಿ ಎಂದು ದಿನಾ ತೆಗೆಯುವುದನ್ನು ಬಿಡಲಿಲ್ಲ.

"ಮದ್ವೆಯಾಗಿ ಹನ್ನೊಂದು ವರ್ಸದಲ್ಲಿ ಇಷ್ಟೊತ್ತು ನನ್ ಮುಖ ನೋಡಿರ್ಲಿಲ್ಲ ಕಣಕ್ಕ" ಅನ್ನುತ್ತಿದ್ದಳು ಅವಳು, ನಿಂತಲ್ಲೇ ಮೊಣಕೈ ಕೆರೆದುಕೊಳ್ಳುತ್ತ. ಆ ದಿನಗಳಲ್ಲಿ ಅವಳು ಮೈಯೆಲ್ಲ ಕೆರೆದುಕೊಳ್ಳುತ್ತಿದ್ದಳು. ಉಷ್ಣ ಅಂದೆ. ಮಜ್ಜಿಗೆ ಕುಡಿ ಅಂದೆ.

ಒಂದು ದಿನ ಫೋಟೋದಲ್ಲಿ ಅವಳ ಮುಖ ಹಳದಿಯಾಗಿ ಬಂತು. ಮಾರನೇ ದಿನವೂ ಹಾಗೇ.

"ಪಂಚೆಗೆ ನೀಲಿ ಹಾಕಿದ್ಯಾ ಅಕ್ಕ?" ಅಂದ.

ಹಾಕಿದ್ದೆ. ನೀಲಿ ಹಾಕದೆ ಯಾರು ಪಂಚೆ ಒಗೆಯುತ್ತಾರೆ? ಅವನು ತಲೆ ಚಚ್ಚಿಕೊಂಡ. ನೀಲಿ ಬೆರೆತದ್ದನ್ನೇ ಬಿಳಿ ಎಂದು ತೋರಿಸಿದರೆ ಕ್ಯಾಮೆರಾ ಆ ನೀಲಿಯನ್ನು ಕಳೆಯಲು ಹೋಗಿ ಎಲ್ಲದಕ್ಕೂ ಹಳದಿ ಬಳಿಯುತ್ತದೆ ಅಂದ. ನನಗೆ ಮೈ ಉರಿಯಿತು. ಇಷ್ಟು ದಿನ ಅದೇ ಪಂಚೆ ಆಗಿತ್ತು, ಈಗ ನನ್ನ ಒಗೆತ ಕೆಟ್ಟಿತೇ? ಪಂಚೆಯನ್ನು ಸೋಡಾ ಹಾಕಿ ಕುದಿಸಿ, ನಾಲ್ಕು ನೀರಿನಲ್ಲಿ ಜಾಲಿಸಿ, ನೀಲಿಯ ಸೋಂಕಿಲ್ಲದಂತೆ ಒಣಗಿಸಿ ತಂದೆ. ಅದನ್ನು ತೋರಿಸಿ ತೆಗೆದ. ಗೋಡೆ ಬೆಳ್ಳಗೆ ಬಂತು, ಕುಂಡದ ತುಳಸಿ ಹಸಿರಾಗಿ ಬಂತು, ಅವಳ ಮುಖ ಮಾತ್ರ ಹಳದಿ.

"ನೋಡಿದ್ಯಾ? ನನ್ ಪಂಚೆದೇನೂ ತಪ್ಪಿಲ್ಲ" ಅಂದೆ.

ಅಲ್ಲಿಗೆ ಯೋಚಿಸುವುದನ್ನು ನಿಲ್ಲಿಸಿದೆ. ನನ್ನ ಪಂಚೆ ಗೆದ್ದಿತ್ತು, ನನಗೆ ಅಷ್ಟು ಸಾಕಾಗಿತ್ತು. ಪಂಚೆಯದು ತಪ್ಪಿಲ್ಲದಿದ್ದರೆ ಆ ಹಳದಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ.

ಅವನು ಕೇಳಿಕೊಂಡ, ಆದರೆ ತಪ್ಪಾಗಿ. "ಅರಿಶ್ನ ಹಚ್ಬ್ಯಾಡ ಕಣೆ ಒಂದ್ ವಾರ" ಅಂದ. ನಮ್ಮ ಹೆಂಗಸರು ಮಿಂದ ಮೇಲೆ ಮುಖಕ್ಕೆ, ಕಾಲಿಗೆ ಅರಿಶಿನ ಹಚ್ಚುತ್ತಾರೆ. ಮುಖ ಹಳದಿಯಾಗಿದ್ದರೆ ನಮಗೆ ಅದು ಲಕ್ಷಣ. ಅವಳು ಗೊಣಗಿಕೊಂಡು ಬಿಟ್ಟಳು. ವಾರ ಕಳೆದರೂ ಹಳದಿ ಹೋಗಲಿಲ್ಲ. ವರ್ಷಗಟ್ಟಲೆ ಹಚ್ಚಿದ ಅರಿಶಿನ ಒಂದು ವಾರಕ್ಕೆ ಎಲ್ಲಿ ಹೋಗುತ್ತದೆ ಎಂದವಳು ನಾನೇ.

ಅವನಿಗೆ ದಿಗಿಲಾಗಿತ್ತು. ಮದುವೆ ಹೆಣ್ಣುಗಳು ಹೀಗೆ ಹಳದಿಯಾಗಿ ಬಂದರೆ ಇನ್ನು ಯಾರು ಕರೆಯುತ್ತಾರೆ ಎಂದು. ಒಂದು ಮಧ್ಯಾಹ್ನ ಸ್ಟುಡಿಯೋ ಒಳಗಿಂದ ಕೂಗಿ ನನ್ನನ್ನು ಕರೆದ. ಕಂಪ್ಯೂಟರಿನಲ್ಲಿ ಅವಳ ಮುಖ ತಟ್ಟೆಯಷ್ಟು ದೊಡ್ಡದಾಗಿತ್ತು. ಕರಿ ಗಾಜು ಕನ್ನಡಕದ ಹೊಳಪನ್ನೆಲ್ಲ ತೆಗೆದುಹಾಕಿದ್ದರಿಂದ ಕಣ್ಣು ನಿಚ್ಚಳವಾಗಿ ಕಾಣುತ್ತಿತ್ತು.

"ಬಟ್ಟೆನೂ ಬ್ಯಾಡ, ಪೇಪರೂ ಬ್ಯಾಡ. ಮನುಷ್ಯನ ಮೈಯಾಗೆ ಬಿಳಿ ಅಂತ ಖಾತ್ರಿ ಇರೋದು ಇದೊಂದೇ ಅಕ್ಕ" ಅಂದು, ಬಾಣದ ಗುರುತನ್ನು ಅವಳ ಕಣ್ಣಿನ ಬಿಳಿಯ ಮೇಲಿಟ್ಟು ಒತ್ತಿದ. ಇದು ಬಿಳಿ ಎಂದು ಕಂಪ್ಯೂಟರಿಗೆ ಹೇಳಿದ. ಒಂದೇ ಕ್ಷಣಕ್ಕೆ ಅವಳ ಕಣ್ಣು ಬೆಳ್ಳಗಾಯಿತು, ಮುಖ ತಿಳಿಯಾಯಿತು, ಹೊಸ ಮದುವಣಗಿತ್ತಿಯ ಹಾಗೆ. ಆದರೆ ಹಿಂದಿನ ಗೋಡೆ ನೀಲಿಯಾಗಿಬಿಟ್ಟಿತು.

"ಗೋಡೆ ಯಾಕ್ ಹಿಂಗಾಯ್ತು?" ಅಂದ.

"ಸುಣ್ಣಕ್ಕೆ ನೀಲಿ ಹಾಕವ್ರೆ ಕಣಪ್ಪ, ಅದು ಎದ್ದು ಕಾಣ್ತೈತೆ" ಅಂದೆ.

ಹೌದಲ್ಲವೇ ಅಂದ. ಇಬ್ಬರಿಗೂ ಸಮಾಧಾನವಾಯಿತು. ಆಮೇಲೆ ತೆಗೆದದ್ದನ್ನೆಲ್ಲ ಹಾಗೇ ಸರಿ ಮಾಡುತ್ತ ಹೋದ. ದಿನದಿನಕ್ಕೆ ಗೋಡೆ ಹೆಚ್ಚು ನೀಲಿಯಾಗುತ್ತಿತ್ತು...

ಕಡೆಗೆ ಒಂದು ಮದುವೆಗೆಂದು ಅವಳು ಕಲ್ಯಾಣದುರ್ಗದ ತಾಯಿಯ ಮನೆಗೆ ಹೋದಳು. ನನಗೂ ಮಗಳನ್ನು ನೋಡಬೇಕಿತ್ತು, ಜೊತೆಗೆ ಹೋದೆ. ಅವಳ ತಾಯಿ ಮಗಳನ್ನು ನೋಡಿ ಐದು ತಿಂಗಳಾಗಿತ್ತು. ಬಾಗಿಲಲ್ಲೇ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕನ್ನಡಕ ಕಿತ್ತು, ಕಣ್ಣಿನ ಕೆಳರೆಪ್ಪೆ ಎಳೆದಳು.

"ಇದೇಮೇ, ಕಳ್ಳು ಪಸುಪು ಪೂಸಿನಟ್ಲು ಉನ್ನಾಯಿ" ಎಂದು ತೆಲುಗಿನಲ್ಲಿ ಅಂದಳು. ಕಣ್ಣಿಗೇ ಅರಿಶಿನ ಬಳಿದ ಹಾಗಿದೆಯಲ್ಲೇ ಎಂದು. ಆಮೇಲೆ ನನ್ನ ಕಡೆ ತಿರುಗಿ, "ನೀವೆಲ್ಲ ಏನ್ ಮಾಡ್ತಿದ್ರಿ ಅಲ್ಲಿ?" ಅಂದಳು.

ನಾಟಿ ವೈದ್ಯರ ಸೊಪ್ಪಿನ ಪಸರು ಕುಡಿಸಿದರು, ಪಥ್ಯ ಮಾಡಿಸಿದರು. ಇಳಿಯಲಿಲ್ಲ. ಬೆಂಗಳೂರಿಗೆ ಒಯ್ದರು. ಪಿತ್ತದ ದಾರಿಯಲ್ಲಿ ಗಂಟಂತೆ. ಎರಡು ಮೂರು ತಿಂಗಳು ಮುಂಚೆ ತಂದಿದ್ದರೆ ಕೊಯ್ದು ನೋಡಬಹುದಿತ್ತು, ಈಗ ಆಗುವುದಿಲ್ಲ ಅಂದರಂತೆ. ತಾಯಿಯ ಮನೆಯಲ್ಲೇ ಸತ್ತಳು. ಕೊನೆಕೊನೆಗೆ ಮೈ ಹುಣಸೆಹೂವಿನ ಬಣ್ಣಕ್ಕೆ ತಿರುಗಿತ್ತು. ನೋಡಲಾಗುತ್ತಿರಲಿಲ್ಲ.

ತಿಥಿ ಮುಗಿಸಿಕೊಂಡು ಬಂದವನು ಕಂಪ್ಯೂಟರ್ ಮುಂದೆ ಕೂತ. ಬಣ್ಣ ಸರಿ ಮಾಡುವುದಕ್ಕೆ ಮುಂಚಿನ ಫೋಟೋಗಳೆಲ್ಲ ಅದರಲ್ಲಿ ಹಾಗೇ ಇದ್ದವು, ತೆಗೆದ ತಾರೀಖಿನ ಸಮೇತ. ಒಂದೊಂದಾಗಿ ನನಗೂ ತೋರಿಸಿದ. ಬಿಳಿ ಕಣ್ಣು. ಬಿಳಿ ಕಣ್ಣು. ಆಮೇಲೆ ಒಂದು ದಿನ ಸ್ವಲ್ಪ ಮಾಸಿದ್ದು. ಅಲ್ಲಿಂದ ಮುಂದೆ...

"ಇಲ್ಲಿಂದ ಸುರು ಅಕ್ಕ" ಎಂದು ಬೆರಳಿಟ್ಟ. "ಕ್ಯಾಮೆರಾ ಸರಿಯಾಗೇ ತೆಗ್ದೈತೆ. ಹಳ್ದಿ ಕಣ್ಣನ್ನ ಬಿಳಿ ಅಂದೋನು ನಾನೇ, ಅದ್ಕೇ ಗೋಡೆ ನೀಲಿ ಆಗಿದ್ದು."

ನಾನು ಎದ್ದು ಬಂದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಆಮೇಲೂ ಅವನು ಒಂದೆರಡು ವರ್ಷ ಮದುವೆಗಳಿಗೆ ಹೋದ. ಆದರೆ ಹೆಣ್ಣನ್ನು ಕೂರಿಸಿ ಮೊದಲು ಅವಳ ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದ. ಲೇಪಾಕ್ಷಿ ಕಡೆಯ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವ ಅವನ ಕೈ ಹಿಡಿದು, "ಫೋಟೋ ತೆಗಿಯಾಕ್ ಬಂದ್ಯೋ, ಸಂತೇಲಿ ಎಮ್ಮೆ ನೋಡಾಕ್ ಬಂದ್ಯೋ?" ಎಂದು ದಬ್ಬಿ ಕಳಿಸಿದನಂತೆ. ಕರೆಯುವವರು ಕಡಿಮೆಯಾದರು. ಒಂದು ದಿನ ಸ್ಟುಡಿಯೋಗೆ ಬೀಗ ಬಿತ್ತು. ಎಲ್ಲಿಗೆ ಹೋದನೋ... ಸೆಟ್ಟೂರಿನ ಕಡೆ ಯಾವುದೋ ಗುಡಿಯಲ್ಲಿ ನೋಡಿದೆವೆಂದು ಒಬ್ಬರು ಅಂದರು, ಸತ್ತ ಎಂದು ಇನ್ನೊಬ್ಬರು. ನಾನು ವಿಚಾರಿಸಲಿಲ್ಲ.

ಈಗ ನಾನಿರುವುದು ಕಲ್ಯಾಣದುರ್ಗದಲ್ಲೇ. ಅವಳ ತಾಯಿಯ ಮನೆ ಎರಡು ಬೀದಿ ಆಚೆ. ಮುದುಕಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಯಾವಾಗಲಾದರೂ ಹೋದರೆ ಗೋಡೆಯ ಫೋಟೋದ ಹತ್ತಿರ ಕೈಹಿಡಿದು ಕರೆದೊಯ್ಯುತ್ತಾಳೆ. ಅಳಿಯ ಕಟ್ಟು ಹಾಕಿಸಿ ಕೊಟ್ಟಿದ್ದು. ಬಿಳಿ ಕಣ್ಣು, ತಿಳಿ ಮುಖ, ಹಿಂದೆ ನೀಲಿ ಗೋಡೆ. ಆ ಹೊತ್ತಿಗೆ ರೋಗ ಅವಳನ್ನು ಅರ್ಧ ತಿಂದಾಗಿತ್ತು.

"ಇದು ಕಾಯ್ಲೆ ಬರಾಕ್ ಮುಂಚೆ ತೆಗ್ದಿದ್ದು, ಅಲ್ವೇನಮ್ಮ? ಎಷ್ಟು ಗೆಲುವಾಗವ್ಳೆ ನೋಡು" ಅನ್ನುತ್ತಾಳೆ.

ಹೂಂ ಅನ್ನುತ್ತೇನೆ. ಪ್ರತಿ ಸಲವೂ ಕೇಳುತ್ತಾಳೆ, ಪ್ರತಿ ಸಲವೂ ಅದನ್ನೇ ಅನ್ನುತ್ತೇನೆ. ನಿಜ ಗೊತ್ತಿರುವವಳು ಈಗ ನಾನೊಬ್ಬಳೇ. ಅದರಿಂದ ಯಾರಿಗೂ ಉಪಯೋಗವಿಲ್ಲ.