ಹೆಬ್ಬೆರಳ ಉಗುರು, ಉಸ್ತಾದರ ಕುಂಟು

ಉಗುರು ಕೆಡಿಸಿಕೊಂಡ ಮಹಾನುಭಾವ ನಾನೇ. ಬಲಗಾಲ ಹೆಬ್ಬೆರಳಿನ ಉಗುರು ನೆಟ್ಟಗಿದ್ದದ್ದು ಸೊಗಸೆನಿಸದೆ, ಅದರ ಮೂಲೆಗಳನ್ನು ಬ್ಲೇಡಿನಿಂದ ಬಗೆದು ಗುಂಡಗೆ ಮಾಡಿದ್ದೆ. ಮತ್ತೆ ಬೆಳೆಯುವಾಗ ಅದು ಹೊರಗೆ ಬರಲಿಲ್ಲ. ಪಕ್ಕದ ಮಾಂಸಕ್ಕೆ ಚಾಕುವಿನಂತೆ ಇಳಿಯಿತು. ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಕೀವು ತುಂಬಿಕೊಂಡಿತು.

ಹೇಳುವಂತಿರಲಿಲ್ಲ. ಆ ಭಾನುವಾರ ತಿ. ನರಸೀಪುರದಲ್ಲಿ ಬನ್ನೂರಿನ ಹುಡುಗನೊಬ್ಬನ ಜೊತೆ ನನ್ನ ಮೊದಲ ಕುಸ್ತಿ. ಕಾಲು ನೋವೆಂದರೆ ನಂಜನಗೂಡಿನ ನಮ್ಮ ಗರಡಿಯ ಉಸ್ತಾದರು ಬೇರೆಯವನನ್ನು ಕಳಿಸಿಬಿಡುತ್ತಾರೆ. ಹಲ್ಲು ಕಚ್ಚಿಕೊಂಡು ಗರಡಿಗೆ ಹೋದೆ. ನೋವನ್ನೇನೋ ನುಂಗಬಹುದು, ಕುಂಟುವುದನ್ನು ಎಲ್ಲಿ ಬಚ್ಚಿಡಲಿ?

ಉಸ್ತಾದರೂ ಬಲಗಾಲಲ್ಲೇ ಕುಂಟುತ್ತಾರೆ. ಹಳೆಯ ಕುಸ್ತಿಯೊಂದರಲ್ಲಿ ಮಂಡಿ ಮುರಿದದ್ದು. ಅವರ ಬೆನ್ನ ಹಿಂದೆ ಅವರ ಹಾಗೇ ಕಾಲೆಳೆದು, ಇಲ್ಲದ ಮೀಸೆ ತಿರುವಿ, "ಏನ್ಲಾ ಸೊಳ್ಳೆ ನನ್ಮಗ್ನೆ" ಎಂದು ಎಲ್ಲರನ್ನೂ ನಗಿಸುವುದು ನನ್ನ ನಿತ್ಯದ ಕಸುಬು. ಅಂದು ನಿಜವಾಗಿ ಕುಂಟುತ್ತ ಬಂದಾಗಲೂ ಹುಡುಗರು ಹೊಟ್ಟೆ ಹಿಡಿದು ನಕ್ಕರು. "ಲೇ, ಇವತ್ತು ಸಖತ್ತಾಗ್ ಬತ್ತಾ ಅದೆ ಕಣ್ಲಾ!"

ಉಸ್ತಾದರು ನನ್ನ ಹಿಂದೆಯೇ ನಿಂತಿದ್ದರು.

"ಅರ್ಧಂಬರ್ಧ ಯಾಕ್ಲಾ ಕಲೀತೀಯ? ಬಾ, ಪೂರ್ತಿ ಕಲಿಸ್ತೀನಿ."

ಕತ್ತು ಹಿಡಿದು ಕೆಮ್ಮಣ್ಣಿಗೆ ಎಸೆದರು. ಏಳುವ ಮೊದಲೇ ಎತ್ತಿ ಮತ್ತೆ ಕೆಡವಿದರು. ಬಾಯಿ ತುಂಬ ಮಣ್ಣು, ತುಟಿ ಒಡೆದು ರಕ್ತ. "ಉಸ್ತಾದ್ರೇ, ಉಗುರು..." ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು. ಮುಂದಿನ ಪಟ್ಟು ಹಾಕುವಾಗ ಅವರ ಹಿಮ್ಮಡಿ ನನ್ನ ಹೆಬ್ಬೆರಳ ಮೇಲೆ ಪೂರಾ ಕೂತಿತು. ರಕ್ತ, ಕೀವು ಒಟ್ಟಿಗೇ ಚಿಮ್ಮಿದವು. ಊರವರ ದನಿಯನ್ನೆಲ್ಲ ಅನುಕರಿಸುವ ನನಗೆ, ಆಗ ಕಿರುಚಿದ ದನಿ ಯಾರದೆಂದು ಗುರುತೇ ಸಿಗಲಿಲ್ಲ.

ನಗು ನಿಂತಿತು. ಉಸ್ತಾದರು ಬೆರಳು ನೋಡಿ, ನನ್ನನ್ನು ಮೂಟೆಯಂತೆ ಸ್ಕೂಟರಿಗೆ ಹೇರಿ ಆಸ್ಪತ್ರೆಗೆ ಒಯ್ದರು.

ಬೆರಳು ಮರಗಟ್ಟಿಸುವ ಇಂಜೆಕ್ಷನ್ ಉಸ್ತಾದರ ಹಿಮ್ಮಡಿಗಿಂತ ಕ್ರೂರವಾಗಿತ್ತು. ಡಾಕ್ಟರಮ್ಮ ಉಗುರಿನ ಅಂಚನ್ನು ಸೀಳಿ ಎಳೆದು ತೆಗೆದರು. "ಉಗುರು ನೇರಕ್ಕೆ ಕತ್ತರಿಸ್ಬೇಕು. ಮೂಲೆ ಬಗೀಬಾರ್ದು, ತೀರಾ ಗಿಡ್ಡನೂ ಮಾಡ್ಬಾರ್ದು. ಗಾಯ ಮಾಯೋವರ್ಗೂ ಮಣ್ಣಿಗಿಳೀಬೇಡಿ."

ನನ್ನ ಕಾಲನ್ನು ಅದುಮಿ ಹಿಡಿದಿದ್ದ ಉಸ್ತಾದರನ್ನು ಮೆಲ್ಲಗೆ ಕೇಳಿಕೊಂಡೆ: "ಭಾನುವಾರ ಇಳೀಲೇಬೇಕು ಉಸ್ತಾದ್ರೇ. ಬ್ಯಾಂಡೇಜ್ ಬಿಗಿಯಾಗಿ ಕಟ್ಕೊಂಡು..."

"ನೀನ್ಯಾಕ್ಲಾ? ನಾನೇ ಇಳೀತೀನಿ. ಯಾರಾದ್ರೂ ಕೇಳುದ್ರೆ, ನಾನು ಉಸ್ತಾದಲ್ಲ, ಉಸ್ತಾದ್ರ ಥರ ಕುಂಟೋ ಆ ಹುಡುಗ್ನೇಯ ಅಂದ್ಬುಡ್ತೀನಿ."