ಸೆರಗಿನಡಿಯ ಸ್ಟಾಪ್‌ವಾಚ್

ಟೆಸ್ಟ್ ಮೇಡಂ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟಾಪ್‌ವಾಚ್ ಒಂದು ಸದಾ ತೂಗುತ್ತಿತ್ತು. ಮಕ್ಕಳು ಎದುರಿಗೆ ಕೂತೊಡನೆ ಅದನ್ನು ಸೆರಗಿನೊಳಗೆ ಸೇರಿಸಿ, ಬಟ್ಟೆಯ ಮೇಲಿಂದಲೇ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುತ್ತಿದ್ದರು. ವರ್ಷಗಟ್ಟಲೆ ಒತ್ತಿ ಒತ್ತಿ ಆ ಬೆರಳು ಹಿಂದಕ್ಕೆ ಬಾಗಿಹೋಗಿತ್ತು. "ಗಡಿಯಾರ ಕಂಡ್ರ ಕೂಸು ಅಂಜತೈತ್ರಿ. ಆಮ್ಯಾಲ ನಾ ಅದರ ಅಂಜಿಕಿ ಅಳೀಬೇಕಾಗತೈತಿ, ಓದು ಅಲ್ಲ," ಎನ್ನುತ್ತಿದ್ದರು. ಕಲಬುರಗಿ ಕಡೆಯವರು. ಅಮೀರ್‌ಪೇಟ್‌ನಲ್ಲಿ ಒಂದು ಕಂಪ್ಯೂಟರ್ ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ ಎರಡು ಕೋಣೆ ಹಿಡಿದಿದ್ದರು. ಮಕ್ಕಳಿಗಾಗಲಿ ದೊಡ್ಡವರಿಗಾಗಲಿ ಓದಿನ ತೊಡಕು, ಅಂದರೆ ಡಿಸ್ಲೆಕ್ಸಿಯಾ, ಇದೆಯೇ ಇಲ್ಲವೇ ಎಂದು ಪರೀಕ್ಷಿಸಿ ಹೇಳುವುದು ಅವರ ಕೆಲಸ.

ನಾನು ಅವರ ಬಳಿ ಹೋದದ್ದು ಮಗಳಿಗಾಗಿ. ಸೇಡಿಗಾಗಿ ಅಂದರೂ ಸುಳ್ಳಲ್ಲ.

ಸೇಡು ಹಳೆಯದು. ನಮ್ಮದು ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ, ಯಾದಗಿರಿಯಿಂದ ಬಂದು ಅಪ್ಪ ಹಾಕಿದ್ದು. ನಾಲ್ಕನೆಯ ಕ್ಲಾಸಿನಲ್ಲಿ ಒಂದು ಪುಟ ಓದಲು ನನಗೆ ಯುಗ ಹಿಡಿಯುತ್ತಿತ್ತು. ಕ್ಲಾಸ್ ಟೀಚರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ನಾನು ಪುಟ ಮುಗಿಸುವ ತನಕ ಯಾರನ್ನೂ ಊಟಕ್ಕೆ ಬಿಡುತ್ತಿರಲಿಲ್ಲ. ನಲವತ್ತು ಮಕ್ಕಳು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಕೊನೆಗೊಮ್ಮೆ ಅಪ್ಪನನ್ನು ಕರೆಸಿ, "ಘರ್ ಮೆ ಕನ್ನಡ ಬಂದ್ ಕರೋ" ಎಂದರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಹಿಂದಿ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಹುಡುಗಿಯ ತಲೆ ಕಲಸಿಹೋಗಿದೆ, ಒಂದನ್ನಾದರೂ ನಿಲ್ಲಿಸಿ ಅಂತ. ಪರವೂರಿಗೆ ಬಂದು ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಟೀಚರ್ ಹೇಳಿದರೆ ಮುಗಿಯಿತು. ನಿಲ್ಲಿಸಬೇಕಾದದ್ದು ಯಾವುದು ಎಂದು ಬಂದಾಗ ಕೈಬಿಡುವುದು ನಮ್ಮದನ್ನೇ. ಕನ್ನಡ ಬಿಟ್ಟರೆ ಬೇರೇನೂ ಬಾರದ ಅಜ್ಜಿಯನ್ನು ಅಪ್ಪ ಯಾದಗಿರಿಯ ದೊಡ್ಡಪ್ಪನ ಮನೆಗೆ ಕಳಿಸಿದರು. ಬಸ್ಸಿನ ಕಿಟಕಿಯಿಂದ ಅಜ್ಜಿ, "ಯಾವಾಗ ಬರ್ತೀಯವ್ವಾ ನನ್ನ ನೋಡಾಕ?" ಎಂದು ಕೇಳಿದಳು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ನಾನು ಹಿಂದಿಯಲ್ಲಿ ಏನೋ ಹೇಳಿದೆ. ಅವಳಿಗೆ ತಿಳಿಯಲಿಲ್ಲ, ಬಸ್ಸು ಹೊರಡುವ ತನಕ ನನ್ನ ಮುಖವನ್ನೇ ನೋಡುತ್ತಿದ್ದಳು. ಮರುವರ್ಷ ತೀರಿಕೊಂಡಳು. ನನ್ನ ಓದು ಮಾತ್ರ ಇದ್ದಲ್ಲೇ ಇತ್ತು.

ಬೇರೆ ಶಾಲೆ ದೂರ ಎಂದು ನನ್ನ ಗಂಡ ಮಗಳನ್ನೂ ಅದೇ ಶಾಲೆಗೆ ಸೇರಿಸಿದರು. ಆ ಟೀಚರು ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದರು. ಮಗಳು ನಾಲ್ಕನೆಯ ಕ್ಲಾಸಿಗೆ ಬಂದ ವರ್ಷ ನನ್ನನ್ನು ಕರೆಸಿದರು. ಗುರುತು ಹಿಡಿಯಲಿಲ್ಲ. ಹುಡುಗಿ ಓದುವುದಿಲ್ಲ, ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸಬೇಕಾದೀತು ಎಂದು ಹೇಳಿ, ಕೊನೆಗೆ ಅದೇ ಮಾತು ಹೇಳಿದರು. ಘರ್ ಮೆ ಕನ್ನಡ ಬಂದ್ ಕರೋ. ರಾಗ ಸಹ ಅದೇ.

ಮನೆಗೆ ಬಂದು ಹೇಳಿದೆ. ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಳು, ಅವಳ ಜೊತೆ ಕನ್ನಡವೂ ಮನೆಗೆ ಮರಳಿತ್ತು. ಮಗಳು ಅವಳ ಬೆನ್ನು ಬಿಡುತ್ತಿರಲಿಲ್ಲ. ನನ್ನ ಮಾತು ಮುಗಿಯುವ ಮೊದಲೇ ಅವ್ವ ಎದ್ದು ಹೋಗಿ ಟ್ರಂಕು ತೆಗೆದು ಸೀರೆ ಮಡಿಸಿ ಇಡತೊಡಗಿದಳು. "ನಾ ಯಾದಗಿರಿಗೆ ಹೋಗ್ತೀನಿ ಯವ್ವಾ. ನನ್ನ ಸಲುವಾಗಿ ಕೂಸಿನ ಓದು ಕೆಡಬಾರ್ದು," ಎಂದಳು. ತನ್ನ ಅತ್ತೆಯನ್ನು ಬಸ್ಸು ಹತ್ತಿಸಿದ್ದನ್ನು ಕಂಡವಳು, ಈಗ ತನ್ನ ಪಾಳಿ ಬಂತು ಅಂದುಕೊಂಡಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಟ್ರಂಕಿಗೆ ಬೀಗ ಜಡಿದು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಂಗಡಿಗೆ ಬರುವ ಗಿರಾಕಿಯೊಬ್ಬರಿಂದ ಟೆಸ್ಟ್ ಮೇಡಂ ವಿಳಾಸ ಸಿಕ್ಕಿದ್ದು ಅದೇ ವಾರ.

ಮೇಡಂ ಕೇಳಿದ ಮೊದಲ ಪ್ರಶ್ನೆ ಓದಿನದ್ದಲ್ಲ. "ಮನಿಯಾಗ ಯಾರ ಜೋಡಿ ಭಾಳ ಮಾತಾಡ್ತಾಳ್ರಿ?"

"ಅಜ್ಜಿ ಜೋಡಿ," ಅಂದೆ.

"ಹಂಗಾರ ಅಜ್ಜಿನ್ನೂ ಕರಕೊಂಡು ಬರ್ರಿ. ಅದಕ್ಕೂ ಮದ್ಲ ಕೂಸಿನ ಕಣ್ಣು, ಕಿವಿ ತೋರಿಸ್ಕೊಂಡು ಬರ್ರಿ. ಅವು ಸರಿ ಅದಾವು ಅಂತ ಗೊತ್ತಾಗದ ನಾ ಕೈ ಹಚ್ಚಂಗಿಲ್ಲ."

ನಾಲ್ಕು ದಿನ ಹೋದೆವು. ಚಿತ್ರ ನೋಡಿ ಸರಸರ ಹೆಸರು ಹೇಳುವುದು, ಶಬ್ದದ ಮೊದಲ ದನಿ ತೆಗೆದು ಉಳಿದದ್ದನ್ನು ಹೇಳುವುದು, ಅರ್ಥವಿಲ್ಲದ ಶಬ್ದಗಳನ್ನು ಓದುವುದು, ಕೇಳಿದ್ದನ್ನು ಬರೆಯುವುದು. ಇಂಗ್ಲಿಷಿನಲ್ಲಿ ಒಂದು ದಿನ, ತೆಲುಗಿನಲ್ಲಿ ಒಂದು ದಿನ. ಮೂರನೆಯ ದಿನ ಮಗಳ ಎದುರಿಗೆ ಅವ್ವನನ್ನು ಕೂರಿಸಿ ಕನ್ನಡದಲ್ಲಿ ಒಂದು ಕಥೆ ಹೇಳಿಸಿದರು. ಆಮೇಲೆ ಮಗಳು ಅದನ್ನೇ ತಿರುಗಿ ಹೇಳಿದಳು. ಅವ್ವ ಮರೆತ ತುಣುಕನ್ನೂ ಸೇರಿಸಿ, ಕೈ ತಿರುಗಿಸುತ್ತ, ನಡುವೆ ನಗುತ್ತ ಹೇಳಿದಳು. ಮೇಡಂ ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳುತ್ತ ಕೂತಿದ್ದರು.

ಅವರಿಗೆ ಸಿಟ್ಟು ಬಂದರೆ ಪೆನ್ಸಿಲ್ ಚೂಪು ಮಾಡುವ ಅಭ್ಯಾಸ. ನಾಲ್ಕನೆಯ ದಿನ ನಾನು ನನ್ನ ಅಜ್ಜಿಯ ಕಥೆ ಹೇಳಿದಾಗ ಬ್ಲೇಡು ತೆಗೆದುಕೊಂಡು, ತಲೆ ಎತ್ತದೆ ಮೂರು ಪೆನ್ಸಿಲ್ ಚೂಪು ಮಾಡಿದರು. ಆಮೇಲೆ, "ನನ್ನ ತಮ್ಮನ್ನ ದಡ್ಡ ಅಂತ ಹೇಳಿ ಐದನೇ ಕ್ಲಾಸಿಗೆ ಸಾಲಿ ಬಿಡಿಸಿದ್ರು. ಆ ಸಿಟ್ಟಿಗೇ ನಾ ಇದನ್ನ ಕಲತೀನ್ರಿ," ಎಂದು, ಎದುರಿನ ಕುರ್ಚಿ ತೋರಿಸಿ, "ಈಗ ನೀವು ಕುಂದರ್ರಿ," ಎಂದರು.

"ನನಗ್ಯಾಕ್ರಿ? ನಲವತ್ತು ದಾಟೈತಿ."

"ನಲವತ್ತು ದಾಟಿದ್ರ ತೊಡಕು ತಾನಾಗೇ ಬಿಟ್ಟು ಹೋಗತೈತೇನು? ಕುಂದರ್ರಿ."

ಕೂತೆ. ಸ್ಟಾಪ್‌ವಾಚ್ ಸೆರಗಿನೊಳಗೆ ಹೋಯಿತು. ಬೆಂಚಿನ ಮೇಲೆ ನಿಂತಾಗ ಬರುತ್ತಿದ್ದ ಬೆವರೇ ಬಂತು. ಆದರೆ ಇಲ್ಲಿ ಯಾರೂ ಊಟಕ್ಕೆ ಕಾಯುತ್ತಿರಲಿಲ್ಲ.

ತೊಡಕು ಇಬ್ಬರಿಗೂ ಇತ್ತು, ತಾಯಿಗೂ ಮಗಳಿಗೂ. ಬುದ್ಧಿಗೆ ಏನೂ ಕೊರತೆಯಿಲ್ಲ ಎಂದರು. "ಕನ್ನಡದ್ದೇನೂ ತಪ್ಪಿಲ್ರಿ. ನಿಮಗ ಒಂದ ಭಾಷಾ ಬರ್ತಿದ್ರೂ ಇದು ಇರ್ತಿತ್ತು. ನಿಮ್ಮ ಅಜ್ಜಿನ್ನ ಸುಳ್ಳೇ ಕಳಿಸಿದ್ರು."

ಆ ಕೊನೆಯ ಮಾತಿಗೆ ನಾನು ಬಾಯಿ ಬಿಟ್ಟು ಅತ್ತೆ. ಮೇಡಂ ಸಮಾಧಾನ ಮಾಡಲಿಲ್ಲ, ನೀರು ಕೊಟ್ಟರು. ಅಳು ನಿಂತ ಮೇಲೆ, "ಈ ರಿಪೋರ್ಟ್ ಒಯ್ದು ಆಕೀ ಮಾರಿಗೆ ಒಗೀತೀನಿ," ಎಂದೆ.

"ಒಗೀಬ್ಯಾಡ್ರಿ. ಒಗದ್ರ ಒಂದ ಸೆಕೆಂಡಿನಾಗ ಮುಗೀತೈತಿ. ಓದ್ರಿ. ಆಕೀ ಕೈಯಾಗ ಕೊಡಬ್ಯಾಡ್ರಿ, ನೀವ ಓದ್ರಿ. ನಾನೂ ಬರ್ತೀನಿ," ಎಂದರು. ಆಗ ಅವರ ಕಣ್ಣಲ್ಲಿ ಒಂದು ತುಂಟತನ ಇತ್ತು, ಅದನ್ನು ನಾನು ಯಾವತ್ತೂ ಮರೆಯಲಾರೆ.

ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ ಹೋದೆವು. ಅದೂ ಮೇಡಂ ಆರಿಸಿದ ಹೊತ್ತು. ಹೆಡ್‌ಮಿಸ್ಟ್ರೆಸ್ ರಿಪೋರ್ಟಿಗೆ ಕೈ ಚಾಚಿದರು. "ಆಮೇ ಚದುವುತಾರು," ಎಂದು ಮೇಡಂ ತಣ್ಣಗೆ ತೆಲುಗಿನಲ್ಲಿ ಹೇಳಿದರು, ಆಕೆಯೇ ಓದುತ್ತಾರೆ ಅಂತ. ನಾನು ಎದ್ದು ನಿಂತು, ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಎರಡು ಪುಟ ಇಂಗ್ಲಿಷು. ಎಡವಿದಲ್ಲೆಲ್ಲ ಸಾಲಿನ ಮೊದಲಿಗೆ ಹೋಗಿ ಮತ್ತೆ ಶುರು ಮಾಡಿದೆ. ಬೆಲ್ಲು ಹೊಡೆಯಿತು. ಮೇಜಿನ ಮೇಲೆ ಅವರ ಊಟದ ಡಬ್ಬಿ ಇತ್ತು. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಕುರ್ಚಿಯಲ್ಲಿ ಮಿಸುಕಾಡಿದರು. ಮನೆಯ ಭಾಷೆಯನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಮಗುವಿಗೇ ನಷ್ಟ ಎಂಬ ಸಾಲು ಬಂದಾಗ ಎರಡು ಸಲ ಓದಿದೆ. ಮೊದಲನೆಯ ಸಲ ಎಡವಿದ್ದಕ್ಕೆ, ಎರಡನೆಯದು ಬೇಕಂತಲೇ. ಓದಿ ಮುಗಿಸಿ, "ನಾನು ನಿಮ್ಮ ಕ್ಲಾಸಿನವಳೇ. ಬೆಂಚಿನ ಮೇಲೆ ನಿಂತು ಓದುತ್ತಿದ್ದೆನಲ್ಲ, ಅವಳು," ಎಂದು ಹಿಂದಿಯಲ್ಲಿ ಹೇಳಿದೆ.

ಮೆಟ್ಟಿಲಿಳಿಯುವಾಗ ಮೇಡಂ ಸೆರಗಿನಿಂದ ಸ್ಟಾಪ್‌ವಾಚ್ ತೆಗೆದು ತೋರಿಸಿದರು. ಇಪ್ಪತ್ತಾರು ನಿಮಿಷ. "ಭಾಳ ಚಂದ ಓದಿದ್ರಿ ನೋಡ್ರಿ," ಎಂದು ಮೆಟ್ಟಿಲ ಕಂಬಿ ಹಿಡಿದುಕೊಂಡು ನಕ್ಕರು. ಮಗಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತು ಸಿಕ್ಕಿತು. ಮುಂದಿನ ಕ್ಲಾಸಿಗೂ ಹೋದಳು. ರಿಪೋರ್ಟ್ ಓದಿ ಬಂದ ಆ ಸಂಜೆಯೇ ಟ್ರಂಕಿನ ಬೀಗ ತೆಗೆದು ಅವ್ವನ ಸೀರೆಗಳನ್ನು ಕಪಾಟಿನಲ್ಲಿ ವಾಪಸು ಜೋಡಿಸಿದೆ.

ಕನ್ನಡ ಅಕ್ಷರ ನಾನು ಕಲಿತದ್ದು ಆಮೇಲೆ, ಭಾನುವಾರಗಳಲ್ಲಿ, ಮೇಡಂ ಕೈಯಲ್ಲಿ. ಇಷ್ಟು ಬರೆಯಲು ಎರಡು ತಿಂಗಳು ಹಿಡಿದಿದೆ, ಹಿಡಿಯಲಿ. ಹೋದ ವರ್ಷ ಅವರ ಹೃದಯ ಕೈಕೊಟ್ಟಿತು, ಹೋಗಿಬಿಟ್ಟರು. ಉಪ್ಪಲ್‌ನ ಅವರ ಮನೆಯ ಮುಂದೆ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ನಿಂತಿದ್ದರು. ಒಬ್ಬ ಆಟೋದವನು, ಒಬ್ಬರು ಬ್ಯಾಂಕಿನ ಆಫೀಸರು, ಎಲ್ಲರೂ ಒಂದಲ್ಲ ಒಂದು ದಿನ ಆ ಕುರ್ಚಿಯಲ್ಲಿ ಕೂತವರು. ಅಮೀರ್‌ಪೇಟ್‌ನ ಕೋಣೆಗಳನ್ನು ಈಗ ಅವರ ಶಿಷ್ಯೆ ನಡೆಸುತ್ತಾಳೆ.

ದಸರಾಕ್ಕೆ ಮುಂಚೆ ಒಂದು ಬೆಳಿಗ್ಗೆ ಹೆಡ್‌ಮಿಸ್ಟ್ರೆಸ್ ನಮ್ಮ ಅಂಗಡಿಗೆ ಬಂದರು. ನಿವೃತ್ತಿಯಾಗಿ ಸೊರಗಿದ್ದರು. ಸ್ಟೂಲು ಕೊಟ್ಟೆ. ಮೊಮ್ಮಗಳು ಓದುವುದಿಲ್ಲ, ಇಡೀ ದಿನ ತನ್ನ ಜೊತೆ ತೆಲುಗಿನಲ್ಲಿ ಕಥೆ ಹೊಡೆಯುತ್ತಾಳೆ, ಪುಸ್ತಕ ಕಂಡರೆ ಅಳುತ್ತಾಳೆ, ಅವತ್ತು ಬಂದಿದ್ದ ಆ ಮೇಡಂ ನಂಬರು ಬೇಕಿತ್ತು ಎಂದರು.

ನನ್ನ ಬಾಯಿಂದ ಬಂದೇಬಿಟ್ಟಿತು. "ಘರ್ ಮೆ ತೆಲುಗು ಬಂದ್ ಕರೋ."

ಅವರ ಮುಖ ಕಪ್ಪಿಟ್ಟಿತು. "ನಿಲ್ಲಿಸಬಾರದು ಅಂತ ಅವತ್ತು ನೀನೇ ಎರಡು ಸಲ ಓದಿದೆಯಲ್ಲಮ್ಮಾ," ಎಂದರು. ಹಾಗಾದರೆ ಕೇಳಿಸಿಕೊಂಡಿದ್ದರು.

ಮೇಡಂ ಇದ್ದಿದ್ದರೆ ಅಲ್ಲಿಗೇ ಗುಂಡಿ ಒತ್ತಿ ಈ ಸೇಡು ನಿಲ್ಲಿಸುತ್ತಿದ್ದರು. ಅವರ ಸಿಟ್ಟು ಎಷ್ಟೇ ಇರಲಿ, ಒಂದು ಕೂಸಿನ ದಾರಿಗೆ ಅದು ಅಡ್ಡ ಬಂದದ್ದಿಲ್ಲ. ನಾನು ಅವರಷ್ಟು ದೊಡ್ಡವಳಲ್ಲ. ಅಜ್ಜಿ ಬಸ್ಸಿನ ಕಿಟಕಿಯಲ್ಲಿ ಉತ್ತರಕ್ಕೆ ಕಾದಷ್ಟು ಹೊತ್ತು ಈ ಟೀಚರನ್ನೂ ಕಾಯಿಸಿದೆ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಅಮೀರ್‌ಪೇಟ್‌ನ ವಿಳಾಸವನ್ನು ನನ್ನ ಕೈಯಾರೆ, ಒಂದೊಂದೇ ಅಕ್ಷರವಾಗಿ, ಎಂದಿನ ನಿಧಾನದಲ್ಲೇ ಬರೆದುಕೊಟ್ಟೆ. ಮುಗಿಯುವ ತನಕ ಅವರು ಎದ್ದು ನಿಂತೇ ಇದ್ದರು.