ನೀಲಮ್ಮ ಅಕ್ಕೋರು ಬಿಚ್ಚಿದ ಪುಸ್ತಕ

ನೀಲಮ್ಮ ಅಕ್ಕೋರ ಕೈಚೀಲದಲ್ಲಿ ಯಾವಾಗಲೂ ಒಂದು ದಬ್ಬಣ ಇರುತ್ತಿತ್ತು. ಭತ್ತದ ಚೀಲ ಹೊಲಿಯುವ, ಗೇಣುದ್ದದ ದಬ್ಬಣ. ಕನ್ನಡ ಕಲಿಸಲು ಬಂದ ಹೆಂಗಸಿಗೆ ಅದೇಕೆ ಬೇಕು? ಬಸ್ಸಿನಲ್ಲಿ ಪುಂಡರ ಕಾಟಕ್ಕಿರಬೇಕು ಎಂದು ಹೆಡ್‌ಮಾಸ್ತರರು ನಕ್ಕರು. ನಾನು ನಗಲಿಲ್ಲ. ಮೊದಲ ದಿನವೇ ನನಗೆ ಈ ಹೆಂಗಸಿನ ಮೇಲೆ ಅನುಮಾನ ಹುಟ್ಟಿತು.

ಅನುಮಾನ ನನ್ನ ಹುಟ್ಟುಗುಣ. ಹಾಲನ್ನು ಬೆರಳದ್ದಿ ನೋಡದೆ ಒಳಗೆ ತೆಗೆದುಕೊಂಡವನಲ್ಲ ನಾನು. ಬೀಗ ಹಾಕಿ ಹತ್ತು ಹೆಜ್ಜೆ ಹೋದ ಮೇಲೂ ಮರಳಿ ಬಂದು ಜಗ್ಗಿ ನೋಡುವವನು. ಇಂಥವನಿಗೆ ಲೈಬ್ರರಿ ಒಪ್ಪಿಸಿದ್ದರು. ಎಂಬತ್ತರ ದಶಕದ ಆ ದಿನಗಳಲ್ಲಿ, ಮಸ್ಕಿಗೂ ಸಿಂಧನೂರಿಗೂ ನಡುವಿನ ನಮ್ಮ ಹೈಸ್ಕೂಲಿನ ಲೈಬ್ರರಿ ಎಂದರೆ ಒಂದು ಕೋಣೆ, ಒಂದು ಕಬ್ಬಿಣದ ಅಲಮಾರು ಮತ್ತು ನನ್ನ ಉಡದಾರಕ್ಕೆ ಕಟ್ಟಿದ ಕೀಲಿಕೈ. ಮಕ್ಕಳು ಪುಸ್ತಕ ಕೇಳಿದರೆ ರಟ್ಟು ತೋರಿಸಿ ಮತ್ತೆ ಒಳಗಿಡುತ್ತಿದ್ದೆ. ಒಂದು ಪುಸ್ತಕವೂ ಕಳೆದಿರಲಿಲ್ಲ. ಅದು ನನ್ನ ಹೆಮ್ಮೆ.

ಬಂದ ವಾರದೊಳಗೆ ಅಕ್ಕೋರು ಕೀಲಿಕೈ ಕೇಳಿದರು.

“ಮಾಸ್ತರ, ಈ ಪುಸ್ತಕ ಒಳಗ ಕುಂತು ಎಷ್ಟು ವರ್ಷ ಆತ್ರಿ?”

“ಜೋಪಾನ ಅದಾವ್ರಿ.”

“ಹೌದ್ರಿ. ಜೇಲಿನಾಗ ಇದ್ದೋರೂ ಜೋಪಾನ ಇರ್ತಾರ.”

ನನಗೆ ಮೈ ಉರಿಯಿತು. ಆದರೆ ಹೆಡ್‌ಮಾಸ್ತರರು ಒಂದು ಷರತ್ತಿನ ಮೇಲೆ ಕೀಲಿಕೈ ಕೊಡಿಸಿಯೇಬಿಟ್ಟರು. ಮೂರು ತಿಂಗಳ ನಂತರ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಅವರು ಮೆಚ್ಚಿದರೆ ಕೋಣೆ ಅಕ್ಕೋರದು, ಇಲ್ಲವಾದರೆ ಮೊದಲಿನಂತೆ ಬೀಗ.

ಅಕ್ಕೋರು ಬೆಂಚುಗಳನ್ನು ಹೊರಗೆ ಹಾಕಿಸಿ, ಜಮಖಾನ ಹಾಸಿ, ಮಕ್ಕಳನ್ನು ದುಂಡಗೆ ಕೂಡಿಸಿದರು. ‘ಮಾತಾಡಬಾರದು’ ಎಂದು ನಾನು ಬರೆಸಿದ್ದ ಹಲಗೆಯನ್ನು ತಿರುವಿ, ಅದರ ಬೆನ್ನ ಮೇಲೆ ಮಕ್ಕಳಿಂದಲೇ ಪ್ರಶ್ನೆ ಬರೆಸತೊಡಗಿದರು. ನಾಲೆಗೆ ನೀರು ಬಿಡುವವರು ಯಾರು? ಉಪ್ಪುನೀರಿನ ಮೀನಿಗೆ ನೀರಡಿಕೆ ಆಗುವುದಿಲ್ಲವೇ? ಒಬ್ಬ ಓದುತ್ತಿದ್ದ, ಇನ್ನೊಬ್ಬ ತಕರಾರು ತೆಗೆಯುತ್ತಿದ್ದ, ಮತ್ತೊಬ್ಬಳು ಅಲಮಾರಿಗೆ ಓಡಿ ಬೇರೆ ಪುಸ್ತಕ ತಂದು ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತಿದ್ದಳು. ಲೈಬ್ರರಿ ಸಂತೆಯಾಗಿಹೋಗಿತ್ತು. ನಾನು ಕಿಟಕಿಯ ಹೊರಗೆ ನಿಂತು, ಯಾರ ಅಂಗಿಯೊಳಗೆ ಏನು ಸೇರುತ್ತದೆ ಎಂದು ಕಾಯುತ್ತಿದ್ದೆ.

“ಒಳಗ ಬರ್ರಿ ಮಾಸ್ತರ. ನಿಂತು ನಿಂತು ಕಾಲು ನೋಯ್ತಾವ” ಎಂದು ಅಕ್ಕೋರು ಕರೆಯುತ್ತಿದ್ದರು. ಇದರಲ್ಲೂ ಏನೋ ಇದೆ ಎಂದು ನಾನು ಹೋಗುತ್ತಿರಲಿಲ್ಲ.

ಆಮೇಲೆ ಒಂದು ದಿನ ದಬ್ಬಣದ ಗುಟ್ಟು ಬಯಲಾಯಿತು. ಸಮುದ್ರಯಾನದ ಕಥೆಯ ಒಂದು ಪುಸ್ತಕವಿತ್ತು. ಅದರ ರಟ್ಟು ನಾನು ಬರುವ ಮೊದಲೇ ಹೋಗಿತ್ತು, ಹೆಸರು ಯಾರಿಗೂ ಗೊತ್ತಿಲ್ಲ. ರಿಜಿಸ್ಟರಿನಲ್ಲಿ ‘ದಪ್ಪ ಪುಸ್ತಕ’ ಎಂದೇ ಬರೆದಿದ್ದೆ. ಅಕ್ಕೋರು ಅದರ ಹೊಲಿಗೆಯನ್ನು ದಬ್ಬಣದಿಂದ ಬಿಚ್ಚಿ ಆರು ಕಟ್ಟು ಮಾಡಿದ್ದರು.

“ಪುಸ್ತಕ ಹರದೀರಲ್ರಿ!” ಎಂದು ಕೂಗಿದೆ.

“ಹರದಿಲ್ರಿ, ಬಿಚ್ಚೀನಿ. ಪುಸ್ತಕ ಒಂದ ಐತಿ, ಇದನ್ನ ಕೇಳಿದ ಮಕ್ಕಳು ಆರು ಮಂದಿ ಅದಾರ. ಒಬ್ಬೊಬ್ರು ಒಂದೊಂದು ಕಟ್ಟು ಓದಿ ಉಳಿದೋರಿಗೆ ಹೇಳ್ತಾರ. ಪೂರಾ ಕಥಿ ಒಬ್ರಿಗೂ ಗೊತ್ತಿಲ್ಲ, ಹಿಂಗಾಗಿ ಒಬ್ರನ್ನ ಬಿಟ್ಟು ಒಬ್ರಿಗೆ ನಡಿಯಂಗಿಲ್ಲ ನೋಡ್ರಿ. ಇನ್‌ಸ್ಪೆಕ್ಟರು ಬಂದು ಹೋಗ್ಲಿ, ನಾನ ಹೊಲದು ಕೊಡ್ತೀನಿ. ನಮ್ಮಪ್ಪ ಮುದಗಲ್ಲಿನಾಗ ಚೀಲ ಹೊಲದ ನನ್ನ ಓದ್ಸ್ಯಾನ.”

ನಾನು ನಂಬಲಿಲ್ಲ. ಇನ್‌ಸ್ಪೆಕ್ಟರು ಬರುವ ಹಿಂದಿನ ಸಂಜೆ, ಎಲ್ಲರೂ ಹೋದ ಮೇಲೆ, ನಾಲ್ಕನೇ ಕಟ್ಟನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಪುಸ್ತಕದ ಗತಿ ಏನಾಗಿದೆ ನೋಡಿ ಎಂದು ಬೆಳಿಗ್ಗೆ ಹೆಡ್‌ಮಾಸ್ತರರಿಗೆ ತೋರಿಸುವ ವಿಚಾರ ನನ್ನದು. ಆದರೆ ಇನ್‌ಸ್ಪೆಕ್ಟರ ಜೀಪು ಪ್ರಾರ್ಥನೆಗೆ ಮುಂಚೆಯೇ ಬಂದು ನಿಂತಿತು.

ಮೊದಲ ಮೂವರು ಕಥೆ ಹೇಳಿದರು. ಇನ್‌ಸ್ಪೆಕ್ಟರು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕೇಳುತ್ತಿದ್ದರು, ಮುಂದಿಟ್ಟ ಚಹಾ ಆರಿಹೋಗಿತ್ತು. ಮೂರನೇ ಕಟ್ಟು ಮುಗಿಯುವಾಗ ಹಡಗು ಬಿರುಗಾಳಿಗೆ ಸಿಕ್ಕಿತ್ತು. ನಾಲ್ಕನೆಯದು ಹುಲಿಗೆಮ್ಮನ ಪಾಳಿ. ಕೂಲಿಯವರ ಮಗಳು, ಮನೆಯಲ್ಲಿ ಓದಲು ಬಿಡುವಿಲ್ಲದ್ದರಿಂದ ಬೆಳಿಗ್ಗೆ ಬೇಗ ಬಂದು ಶಾಲೆಯಲ್ಲೇ ಓದುತ್ತಿದ್ದಳು. ತನ್ನ ಕಟ್ಟನ್ನು ಇನ್ನೂ ಓದಿರಲಿಲ್ಲ, ಓದಲೆಂದು ಬಂದ ಆ ಬೆಳಿಗ್ಗೆ ಅದು ಸಿಕ್ಕಿರಲಿಲ್ಲ.

“ಇಲ್ಲೇ ಇಟ್ಟಿದ್ನಿರೀ” ಎಂದು ಅಲಮಾರು ಜಾಲಾಡಿದಳು, ಜಮಖಾನ ಎತ್ತಿ ನೋಡಿದಳು. ಕೊನೆಗೆ ನಿಂತಲ್ಲೇ ಅಳತೊಡಗಿದಳು. ನನ್ನ ಚೀಲ ನನ್ನ ಹೆಗಲಲ್ಲೇ ಇತ್ತು. ತೆಗೆದುಕೊಟ್ಟರೆ ನಾನೇ ಕಳ್ಳ. ಚೀಲವನ್ನು ಇನ್ನಷ್ಟು ಹಿಂದಕ್ಕೆ ಸರಿಸಿದೆ.

“ಬಿಚ್ಚಿದ್ರ ಕಳಿಯೂದ. ಮದಲಿನಂಗ ಬೀಗ ಹಾಕ್ರಿ” ಎಂದು ಇನ್‌ಸ್ಪೆಕ್ಟರು ಎದ್ದರು.

“ತಪ್ಪು ನಂದ್ರಿ ಸಾಹೇಬ್ರ, ಹುಡುಗೀದಲ್ಲ” ಎಂದರು ಅಕ್ಕೋರು. ಹಾಗೆನ್ನುವಾಗ ಒಮ್ಮೆ ನನ್ನ ಚೀಲದ ಕಡೆ ನೋಡಿದರು. ಈಕೆಗೆ ಗೊತ್ತಾಗಿದೆ ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಕೀಲಿಕೈ ಮರಳಿ ನನ್ನ ಉಡದಾರಕ್ಕೆ ಬಂತು. ಉಳಿದ ಐದು ಕಟ್ಟುಗಳನ್ನು ಅಕ್ಕೋರು ಹೊಲಿದು ಕೊಟ್ಟರು, ನಡುವೆ ನಾಲ್ಕನೆಯದಕ್ಕೆ ದಾರ ಸಡಿಲ ಬಿಟ್ಟಿದ್ದರು. ಹುಲಿಗೆಮ್ಮ ಮತ್ತೆ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಜೂನಿನಲ್ಲಿ ಅಕ್ಕೋರಿಗೆ ಲಿಂಗಸುಗೂರಿನ ಕಡೆಗೆ ವರ್ಗವಾಯಿತು.

ತೊಂಬತ್ತರ ದಶಕದಲ್ಲಿ ಒಮ್ಮೆ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ತಲೆ ನೆರೆತಿತ್ತು, ಚೀಲ ಮಾತ್ರ ಅದೇ. ಕಟ್ಟು ಆಗಲೂ ನನ್ನ ಚೀಲದಲ್ಲಿತ್ತು. ಮನೆಯಲ್ಲಿಟ್ಟರೆ ಯಾರಾದರೂ ನೋಡಿಯಾರು ಎಂದು ಅಷ್ಟು ವರ್ಷವೂ ಹೊತ್ತುಕೊಂಡೇ ತಿರುಗಿದ್ದೆ. ತೆಗೆದು ಮುಂದೆ ಹಿಡಿದೆ.

ಅಕ್ಕೋರಿಗೆ ಆಶ್ಚರ್ಯವಾಗಲಿಲ್ಲ. “ಓದಿದ್ರೇನ್ರಿ?” ಎಂದರು.

ನಾನು ಓದಿರಲಿಲ್ಲ. ಅಷ್ಟು ವರ್ಷದಲ್ಲಿ ಒಂದು ಪುಟವನ್ನೂ ತಿರುವಿರಲಿಲ್ಲ. ಆಗ ಆದಷ್ಟು ನಾಚಿಕೆ ನನಗೆ ಕಟ್ಟು ಕದ್ದ ದಿನವೂ ಆಗಿರಲಿಲ್ಲ.

“ನನಗ್ಯಾಕ ಕೊಡ್ತೀರಿ, ನಾ ಓದೀನಿ” ಎಂದು ಅಕ್ಕೋರು ಕಟ್ಟನ್ನು ನನ್ನ ಕೈಗೇ ಮರಳಿಸಿದರು. “ಮದಲ ನೀವು ಓದ್ರಿ. ಹುಲಿಗೆಮ್ಮನ್ನ ದಢೇಸುಗೂರಿಗೆ ಕೊಟ್ಟಾರ. ಹೋಗಿ ಆಕೀಗೆ ಹೇಳ್ರಿ. ಪಾಪ, ಆಕೀ ಪಾಳಿ ತಪ್ಪೇತಿ.”

ಆಗಲಿ ಎಂದೆ. ಹೋಗಲಿಲ್ಲ. ಅವಳ ಗಂಡನ ಮನೆಯವರು ಏನೆಂದುಕೊಂಡಾರು ಎಂದು ವರ್ಷ ಕಳೆದೆ. ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಯಾರೋ, ನೀಲಮ್ಮ ಅಕ್ಕೋರು ತೀರಿಕೊಂಡರಂತೆ ಎಂದರು. ಆ ಸಂಜೆ ಕಟ್ಟು ಬಿಚ್ಚಿ ಓದಿದೆ. ಮರುದಿನ ದಢೇಸುಗೂರಿನ ಬಸ್ಸು ಹತ್ತಿದೆ.

ಹುಲಿಗೆಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಕಟ್ಟೆಯ ಮೇಲೆ ಕುಳಿತು ನಾಲ್ಕನೇ ಕಟ್ಟಿನ ಕಥೆಯನ್ನೆಲ್ಲ ಹೇಳಿದೆ, ಹಡಗು ಒಡೆದದ್ದು, ಹಲಗೆ ಹಿಡಿದು ಜನ ದಂಡೆ ಸೇರಿದ್ದು. ಅವಳು ಕೈಕೆಲಸ ಬಿಟ್ಟು ಕೇಳಿದಳು. ಮುಗಿದ ಮೇಲೆ, “ಇದು ನಿಮಗೆಲ್ಲಿ ಸಿಗ್ತು ಮಾಸ್ತರ?” ಎಂದಳು.

ಜೀವಮಾನವೆಲ್ಲ ಊರ ಮಕ್ಕಳನ್ನು ನಾನು ಕೇಳುತ್ತ ಬಂದ ಪ್ರಶ್ನೆ. ಮೊದಲ ಬಾರಿ ನನ್ನನ್ನು ಯಾರೋ ಕೇಳಿದ್ದರು. ನಿಜ ಹೇಳಿದೆ.

ಅವಳು ಮತ್ತೆ ಭತ್ತಕ್ಕೆ ಕೈ ಹಾಕಿದಳು. ಆಮೇಲೆ ಅಂದಳು: “‘ನೀ ಕಳದಿಲ್ಲ, ನನಗ ಗೊತ್ತೈತಿ’ ಅಂತ ಅಕ್ಕೋರು ಅವತ್ತ ಹೇಳಿದ್ರುರೀ. ನಾ ನಂಬಲಿಲ್ಲ. ನನ್ನ ಸಮಾಧಾನಕ್ಕ ಹೇಳಾಕತ್ಯಾರ ಅನ್ಕಂಡೆ. ಆಮ್ಯಾಲ ಅವರ ಮುಂದ ನಿಂದ್ರಾಕ ನಾಚಿಕಿ ಆಗಿ ಒಂದ ದಿನಾನೂ ಮಾತಾಡಿಸಲಿಲ್ರಿ.”